‘ಪ್ರತಿ ರಾಜ್ಯದ ಹೆಸರುವಾಸಿ ಕಾಲೇಜು’ ಫಾರ್ವರ್ಡ್: ಹೊಸಪೇಟೆ, ಕಂಪ್ಲಿಯ ಮನೆಗಳಿಗೆ ಅದರಿಂದ ಏನು ಗೊತ್ತಾಗುತ್ತದೆ?

ಪಿಯುಸಿ ರಿಸಲ್ಟ್ ಬಂದ ದಿನದಿಂದ ಸಿಇಟಿ ಸೀಟು ಹಂಚಿಕೆ ಮುಗಿಯುವವರೆಗೆ ವಾಟ್ಸ್ಯಾಪ್‌ನಲ್ಲಿ ಒಂದು ಬಗೆಯ ಫಾರ್ವರ್ಡ್‌ಗಳಿಗೆ ಸುಗ್ಗಿ. ಭಾರತದ ನಕ್ಷೆ, ಒಂದೊಂದು ರಾಜ್ಯದ ಮೇಲೆ ಒಂದೊಂದು ಕಾಲೇಜಿನ ಹೆಸರು. ಮೇಲೆ ದಪ್ಪ ಅಕ್ಷರದಲ್ಲಿ ‘ನಿಮ್ಮ ರಾಜ್ಯದ ಅತಿ ಹೆಸರುವಾಸಿ ಕಾಲೇಜು ಯಾವುದು ಗೊತ್ತೇ?’ ಎಂಬ ಪ್ರಶ್ನೆ, ಕೆಳಗೆ ‘ಮಕ್ಕಳಿರುವ ಎಲ್ಲರಿಗೂ ಕಳಿಸಿ’ ಎಂಬ ಸಾಲು. ಕರ್ನಾಟಕದ ಜಾಗದಲ್ಲಿ ಸಾಮಾನ್ಯವಾಗಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಇರುತ್ತದೆ. ಕೆಲವೊಮ್ಮೆ ಮಣಿಪಾಲ, ಕೆಲವೊಮ್ಮೆ ಸುರತ್ಕಲ್. ಕೆಲವು ದಿನ ಕಳೆದರೆ ಅದೇ ನಕ್ಷೆ ‘ಪ್ರತಿ ರಾಜ್ಯದ ಅತ್ಯುತ್ತಮ ಕಾಲೇಜು’ ಎಂಬ ಹೊಸ ತಲೆಬರಹ ಹೊತ್ತು ಇನ್ನೊಂದು ಗ್ರೂಪಿನಿಂದ ವಾಪಸ್ ಬರುತ್ತದೆ.

ಇದನ್ನು ಸುಳ್ಳು ಸುದ್ದಿ ಎಂದು ನೇರವಾಗಿ ಹೇಳಲಾಗದು. ಭಾರತೀಯ ವಿಜ್ಞಾನ ಸಂಸ್ಥೆ ಹೆಸರುವಾಸಿ ಹೌದು, ಒಳ್ಳೆಯದೂ ಹೌದು. ತೊಂದರೆ ಇರುವುದು ‘ಹೆಸರುವಾಸಿ’ ಎಂಬ ಪದ ‘ಅತ್ಯುತ್ತಮ’ ಆಗಿ, ಅಲ್ಲಿಂದ ‘ನಮ್ಮ ಮಗಳಿಗೂ ಇಂಥದೇ ಬೇಕು’ ಎಂದು ಸದ್ದಿಲ್ಲದೆ ಬದಲಾಗುವಲ್ಲಿ. ಇವು ಮೂರೂ ಬೇರೆಬೇರೆ ಪ್ರಶ್ನೆಗಳು. ಮೊದಲನೆಯದರ ಉತ್ತರ ಹಿಡಿದು ಮೂರನೆಯದನ್ನು ತೀರ್ಮಾನಿಸಿದರೆ ನಷ್ಟವಾಗುವುದು ನಕ್ಷೆ ಮಾಡಿದವರಿಗಲ್ಲ.

ಇದನ್ನು ವಿವರಿಸಲು ನಾವು ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿಯ ಸುತ್ತಮುತ್ತಲನ್ನು ಆರಿಸಿಕೊಂಡಿದ್ದೇವೆ. ಅಂಥ ನಕ್ಷೆಗಳಲ್ಲಿ ಇಲ್ಲಿನ ಯಾವ ಕಾಲೇಜೂ ಕಾಣಿಸದು ಎನ್ನುವುದು ಒಂದು ಕಾರಣ. ಹೆಸರು ಕೇಳಿ ಮೋಸಹೋಗಲು ಇಲ್ಲಿರುವಷ್ಟು ಅವಕಾಶ ಬೇರೆ ಕಡೆ ಕಡಿಮೆ ಎನ್ನುವುದು ಇನ್ನೊಂದು.

ನಕ್ಷೆ ಹುಟ್ಟುವುದು ಹೇಗೆ?

‘ಜನರಿಗೆ ಹೆಚ್ಚು ಗೊತ್ತಿರುವ ಕಾಲೇಜು’ ಎಂಬ ಪಟ್ಟಿ ಮಾಡಲು ಒಂದು ದಾರಿ ಜನರನ್ನು ಕೇಳುವುದು. ಹಾಗೆ ಕೇಳಿದ್ದರೆ ಎಷ್ಟು ಜನರನ್ನು, ಯಾವ ಊರಿನಲ್ಲಿ, ಯಾವ ಭಾಷೆಯಲ್ಲಿ ಕೇಳಿದರು ಎಂಬುದನ್ನು ಹೇಳಬೇಕು. ಇಂಗ್ಲಿಷಿನ ಆನ್‌ಲೈನ್ ಸಮೀಕ್ಷೆಗೆ ಉತ್ತರಿಸುವವರು ಹೆಚ್ಚಾಗಿ ದೊಡ್ಡ ನಗರದವರು. ಅವರಿಗೆ ಗೊತ್ತಿರುವುದು ಅವರ ನಗರದ ಕಾಲೇಜು.

ಇನ್ನೊಂದು ದಾರಿ ಗೂಗಲ್‌ನಲ್ಲಿ ಯಾವ ಹೆಸರನ್ನು ಹೆಚ್ಚು ಹುಡುಕಿದ್ದಾರೆ ಎಂದು ನೋಡುವುದು. ಗೂಗಲ್ ಟ್ರೆಂಡ್ಸ್ ಕೊಡುವುದು 0ರಿಂದ 100ರವರೆಗಿನ ಹೋಲಿಕೆಯ ಸಂಖ್ಯೆ ಮಾತ್ರ. ಹುಡುಕಿದ್ದು ಏಕೆ ಎಂಬುದು ಅದರಲ್ಲಿ ಇರುವುದಿಲ್ಲ. ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ, ಅಂದರೆ ವಿಟಿಯುವಿನ ರಿಸಲ್ಟ್ ಬರುವ ದಿನ ರಾಜ್ಯದ ಎಂಜಿನಿಯರಿಂಗ್ ವಿದ್ಯಾರ್ಥಿಗಳೆಲ್ಲ ಅದನ್ನೇ ಹುಡುಕುತ್ತಾರೆ. ಅದು ಪ್ರೀತಿಯಿಂದ ಅಲ್ಲ, ಎದೆಬಡಿತದಿಂದ.

ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದ ಕತೆ ಇನ್ನೂ ಸ್ಪಷ್ಟ. ಮನೆಯಲ್ಲಿ ಕೂತು ಡಿಗ್ರಿ ಮಾಡಬೇಕೆನ್ನುವವರಿಗೆ ರಾಜ್ಯದ ಮೂಲೆಮೂಲೆಯಲ್ಲೂ ಗೊತ್ತಿದ್ದ ಹೆಸರು ಅದು. ಆದರೂ 2013-14ನೇ ಸಾಲಿನಿಂದ ಅದಕ್ಕೆ ಯುಜಿಸಿ ಮಾನ್ಯತೆ ಇಲ್ಲವಾಯಿತು. 2018ರಲ್ಲಿ ಮಾನ್ಯತೆ ಮರಳಿತು, ಈಗ ಸರಿಯಾಗಿದೆ. ನಡುವಿನ ವರ್ಷಗಳಲ್ಲಿ ಸೇರಿದವರು ಮಾತ್ರ ಕೈಯಲ್ಲಿ ಅಂಕಪಟ್ಟಿ ಹಿಡಿದು ಕೆಲಸಕ್ಕೂ ಮುಂದಿನ ಓದಿಗೂ ಅಲೆಯಬೇಕಾಯಿತು. ಆ ವರ್ಷಗಳಲ್ಲಿ ಯಾರಾದರೂ ಸಮೀಕ್ಷೆ ಮಾಡಿದ್ದರೆ ಅದರ ಹೆಸರು ಮೇಲೆಯೇ ಇರುತ್ತಿತ್ತು.

ಸಿನಿಮಾದಿಂದಲೂ ಹೆಸರು ಬರುತ್ತದೆ. 2009ರ ‘3 ಈಡಿಯಟ್ಸ್’ ಚಿತ್ರದ ಎಂಜಿನಿಯರಿಂಗ್ ಕಾಲೇಜು ಎಂದು ದೇಶ ನೋಡಿದ ಕಟ್ಟಡ ಬೆಂಗಳೂರಿನ ಐಐಎಂನದು. ಅಲ್ಲಿ ಕಲಿಸುವುದು ಮ್ಯಾನೇಜ್‌ಮೆಂಟ್. 2016ರ ‘ಕಿರಿಕ್ ಪಾರ್ಟಿ’ ಬಂದ ಮೇಲೆ ಹಾಸನದ ಮಲೆನಾಡು ಎಂಜಿನಿಯರಿಂಗ್ ಕಾಲೇಜಿನ ಕಾರಿಡಾರುಗಳು ಕನ್ನಡದ ಹುಡುಗರಿಗೆಲ್ಲ ಪರಿಚಿತ. ಪಾಠ ಹೇಗಿದೆ ಎಂಬುದನ್ನು ಆ ಸಿನಿಮಾ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ.

ಕೊನೆಯ ದಾರಿ, ನಕ್ಷೆ ಮಾಡಿದವರು ತಮ್ಮ ತಲೆಗೆ ಬಂದದ್ದನ್ನು ತುಂಬಿಬಿಡುವುದು. ಫಾರ್ವರ್ಡ್‌ನಲ್ಲಿ ಮಾಹಿತಿ ಎಲ್ಲಿಂದ ಬಂತೆಂಬ ಸಾಲು ಇಲ್ಲದಿದ್ದರೆ ಹೀಗೇ ಆಗಿದೆ ಎಂದುಕೊಳ್ಳಲು ಅಡ್ಡಿಯಿಲ್ಲ.

ಹಳೆಯದಕ್ಕೆ ಹೆಸರು, ರಾಜಧಾನಿಗೆ ಹೆಸರು

ಈ ನಕ್ಷೆಗಳಲ್ಲಿ ಪದೇಪದೇ ಬರುವ ಹೆಸರುಗಳನ್ನು ಅವು ಆರಂಭವಾದ ವರ್ಷದ ಜೊತೆ ಇಟ್ಟು ನೋಡಿ. ಕೋಲ್ಕತ್ತದ ಪ್ರೆಸಿಡೆನ್ಸಿ, ಹಿಂದೂ ಕಾಲೇಜ್ ಎಂಬ ಹೆಸರಿನಲ್ಲಿ 1817. ಚೆನ್ನೈನ ಪ್ರೆಸಿಡೆನ್ಸಿ 1840. ಕಟಕ್‌ನ ರಾವೆನ್‌ಶಾ 1868. ದೆಹಲಿಯ ಸೇಂಟ್ ಸ್ಟೀಫನ್ಸ್ 1881. ಪುಣೆಯ ಫರ್ಗ್ಯುಸನ್ 1885. ಗುವಾಹಟಿಯ ಕಾಟನ್ 1901. ಹೈದರಾಬಾದಿನ ಉಸ್ಮಾನಿಯಾ 1918. ಎಲ್ಲವೂ ಆಡಳಿತ ನಡೆಯುತ್ತಿದ್ದ ಅಥವಾ ವ್ಯಾಪಾರ ಬೆಳೆದ ದೊಡ್ಡ ಊರುಗಳಲ್ಲಿವೆ, ಎಲ್ಲವೂ ನೂರು ವರ್ಷ ದಾಟಿವೆ. ಅಲ್ಲಿ ಓದಿದವರು ಜಡ್ಜ್ ಆದರು, ಮಂತ್ರಿ ಆದರು, ಪತ್ರಿಕೆ ನಡೆಸಿದರು. ತಾವು ಓದಿದ ಕಾಲೇಜಿನ ಹೆಸರನ್ನು ಜನ ಕೇಳುವಂತೆ ಮಾಡಿದರು. (ಕೋಲ್ಕತ್ತದ ಪ್ರೆಸಿಡೆನ್ಸಿ, ರಾವೆನ್‌ಶಾ, ಕಾಟನ್ ಈಗ ಕಾಲೇಜುಗಳೇ ಅಲ್ಲ, ವಿಶ್ವವಿದ್ಯಾಲಯಗಳು. ಫಾರ್ವರ್ಡ್‌ಗಳು ಅದನ್ನು ಗಮನಿಸಿದ್ದು ನಾವು ಕಂಡಿಲ್ಲ.)

ಕರ್ನಾಟಕಕ್ಕೆ ಒಂದೇ ಹೆಸರು ಹಾಕುವುದು ಇನ್ನೂ ಕಷ್ಟ. ಮಂಗಳೂರಿನವರಿಗೆ 1880ರ ಸೇಂಟ್ ಅಲೋಶಿಯಸ್ ಇದೆ, ಧಾರವಾಡದವರಿಗೆ 1917ರ ಕರ್ನಾಟಕ ಕಾಲೇಜು, ಮೈಸೂರಿನವರಿಗೆ ಮಹಾರಾಜ ಕಾಲೇಜು. 1909ರ ಭಾರತೀಯ ವಿಜ್ಞಾನ ಸಂಸ್ಥೆಗೆ ಹಳೇ ಬೆಂಗಳೂರಿಗರು ಇಂದಿಗೂ ಹೇಳುವುದು ‘ಟಾಟಾ ಇನ್‌ಸ್ಟಿಟ್ಯೂಟ್’ ಎಂದೇ.

ಇನ್ನು ‘ರಾಜ್ಯ’ ಎನ್ನುವುದೂ ಸ್ಥಿರವಲ್ಲ. ಹೊಸಪೇಟೆ, ಹಂಪಿ, ಕಂಪ್ಲಿ 1953ರ ಅಕ್ಟೋಬರ್ 1ರವರೆಗೆ ಮದ್ರಾಸಿಗೆ ಸೇರಿದ್ದವು. ಸಂಡೂರು ಘೋರ್ಪಡೆ ಮನೆತನದ ಸಂಸ್ಥಾನವಾಗಿದ್ದು, 1949ರಲ್ಲಿ ಮದ್ರಾಸಿನೊಳಗೆ ವಿಲೀನವಾಯಿತು. ಆ ಕಾಲದಲ್ಲಿ ಇದೇ ಫಾರ್ವರ್ಡ್ ಬಂದಿದ್ದರೆ ಇಲ್ಲಿನವರ ‘ರಾಜ್ಯದ ಹೆಸರುವಾಸಿ ಕಾಲೇಜು’ ಮದ್ರಾಸಿನ ಪ್ರೆಸಿಡೆನ್ಸಿ ಆಗುತ್ತಿತ್ತು. ಹತ್ತಿರದ್ದು ಬೇಕೆಂದರೆ ಅನಂತಪುರಕ್ಕೆ ಹೋಗಬೇಕಿತ್ತು. ಬಳ್ಳಾರಿಯಲ್ಲಿ ವೀರಶೈವ ಕಾಲೇಜು ಶುರುವಾದದ್ದು 1945ರಲ್ಲಿ, ಹೊಸಪೇಟೆಯ ವಿಜಯನಗರ ಕಾಲೇಜು 1964ರಲ್ಲಿ. ಎರಡನ್ನೂ ಕಟ್ಟಿದ್ದು 1916ರಲ್ಲಿ ಬಳ್ಳಾರಿಯಲ್ಲಿ ಹುಟ್ಟಿದ ವೀರಶೈವ ವಿದ್ಯಾವರ್ಧಕ ಸಂಘ. ಹೊಸಪೇಟೆಯ ಹಿರಿಯರಿಗೆ ‘ಕಾಲೇಜು’ ಎಂದರೆ ಸಾಕು, ಅದು ವಿಜಯನಗರ ಕಾಲೇಜೇ. ಹುಬ್ಬಳ್ಳಿ ದಾಟಿದರೆ ಆ ಹೆಸರು ಹೇಳಿದವರನ್ನು ‘ಬೆಂಗಳೂರಿನ ವಿಜಯನಗರವೇ?’ ಎಂದು ಕೇಳುತ್ತಾರೆ.

ಒಬ್ಬ ರಾಜ, ಎರಡು ವಿಶ್ವವಿದ್ಯಾಲಯ

ಹೆಸರು ಗೊತ್ತಿದೆ ಅನ್ನಿಸುವುದು ಎಷ್ಟು ಅಪಾಯ ಎಂಬುದಕ್ಕೆ ಈ ಪ್ರದೇಶಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದಿಲ್ಲ. ಇಲ್ಲಿ ಎಲ್ಲದಕ್ಕೂ ವಿಜಯನಗರದ ಹೆಸರು, ಕೃಷ್ಣದೇವರಾಯನ ಹೆಸರು.

‘ಶ್ರೀ ಕೃಷ್ಣದೇವರಾಯ ವಿಶ್ವವಿದ್ಯಾಲಯ’ ಇರುವುದು ಆಂಧ್ರಪ್ರದೇಶದ ಅನಂತಪುರದಲ್ಲಿ, 1981ರಿಂದ. ‘ವಿಜಯನಗರ ಶ್ರೀ ಕೃಷ್ಣದೇವರಾಯ ವಿಶ್ವವಿದ್ಯಾಲಯ’ ಇರುವುದು ಬಳ್ಳಾರಿಯಲ್ಲಿ, 2010ರಿಂದ. ಎರಡೂ ಸರ್ಕಾರಿ, ಎರಡೂ ಮಾನ್ಯ. ಆದರೆ ರಾಜ್ಯ ಬೇರೆ, ಪ್ರವೇಶ ಪರೀಕ್ಷೆ ಬೇರೆ, ಮೀಸಲಾತಿ ಬೇರೆ. ಹೆಸರಿನ ಮೊದಲ ಪದ ಬಿಟ್ಟು ಫಾರ್ವರ್ಡ್ ಮಾಡಿದ ಪ್ರವೇಶ ಪ್ರಕಟಣೆ ಯಾರನ್ನು ಎಲ್ಲಿಗೆ ಕರೆದೊಯ್ಯುತ್ತದೋ ಹೇಳಲಾಗದು.

‘ವಿಮ್ಸ್’ ಎಂದೇ ಜನ ಕರೆಯುವ ವಿಜಯನಗರ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಮೂಲ 1961ರ ಬಳ್ಳಾರಿ ವೈದ್ಯಕೀಯ ಕಾಲೇಜು. 2021ರಲ್ಲಿ ಹೊಸಪೇಟೆಯನ್ನು ಕೇಂದ್ರವಾಗಿಟ್ಟು ವಿಜಯನಗರ ಜಿಲ್ಲೆ ರಚನೆಯಾದ ಮೇಲೆ, ವಿಜಯನಗರ ಹೆಸರಿನ ಈ ಕಾಲೇಜು ವಿಜಯನಗರ ಜಿಲ್ಲೆಯ ಹೊರಗೆ ಉಳಿಯಿತು. ಈಗ ಅದರ ಹೆಸರು ಬಳ್ಳಾರಿ ವೈದ್ಯಕೀಯ ಕಾಲೇಜು ಮತ್ತು ಸಂಶೋಧನಾ ಕೇಂದ್ರ. ಆಟೋದವರಿಗೆ ಇಂದಿಗೂ ವಿಮ್ಸ್ ಎಂದರೇ ಗೊತ್ತಾಗುವುದು. ಅದೇ ಬಳ್ಳಾರಿಯಲ್ಲಿ 1980ರಲ್ಲಿ ವಿಜಯನಗರ ಎಂಜಿನಿಯರಿಂಗ್ ಕಾಲೇಜು ಎಂದು ಶುರುವಾದದ್ದು ಈಗ ರಾವ್ ಬಹದ್ದೂರ್ ವೈ. ಮಹಾಬಲೇಶ್ವರಪ್ಪ ಎಂಜಿನಿಯರಿಂಗ್ ಕಾಲೇಜು. ಹೊಸಪೇಟೆಯಲ್ಲೇ ಇರುವ ಎಂಜಿನಿಯರಿಂಗ್ ಕಾಲೇಜು ಬೇರೆ: 1997ರಲ್ಲಿ ಆರಂಭವಾದ ಪ್ರೌಢದೇವರಾಯ ತಾಂತ್ರಿಕ ವಿದ್ಯಾಲಯ.

ಇನ್ನು ಜಿಲ್ಲೆಯ ಗೊಂದಲ. ಹೊಸಪೇಟೆ, ಹಂಪಿ ವಿಜಯನಗರ ಜಿಲ್ಲೆಗೆ ಸೇರಿದರೆ, ಸಂಡೂರು, ಕಂಪ್ಲಿ ಬಳ್ಳಾರಿ ಜಿಲ್ಲೆಯಲ್ಲೇ ಉಳಿದವು. 2021ಕ್ಕಿಂತ ಹಿಂದಿನ ಪಟ್ಟಿಗಳಲ್ಲಿ ಎಲ್ಲವೂ ಬಳ್ಳಾರಿ. ‘ಜಿಲ್ಲೆಗೊಂದು ಬೆಸ್ಟ್ ಕಾಲೇಜು’ ಎಂಬ ಫಾರ್ವರ್ಡ್ ಬಂದರೆ ಅದು ಯಾವ ಕಾಲದ್ದು ಎಂದು ಪತ್ತೆಹಚ್ಚಲು ಇದೊಂದೇ ಸಾಕು.

ಹೊರಗಿನವರಿಗೆ ಈ ಪ್ರದೇಶದಲ್ಲಿ ಅತಿ ಹೆಚ್ಚು ಗೊತ್ತಿರುವ ಸಂಸ್ಥೆ ಹಂಪಿಯ ಕನ್ನಡ ವಿಶ್ವವಿದ್ಯಾಲಯ. 1991ರಲ್ಲಿ ಸ್ಥಾಪನೆಯಾಯಿತು, ಚಂದ್ರಶೇಖರ ಕಂಬಾರರು ಮೊದಲ ಕುಲಪತಿ, ಪ್ರತಿವರ್ಷದ ನಾಡೋಜ ಗೌರವದಿಂದ ಪತ್ರಿಕೆಗಳಲ್ಲಿ ಹೆಸರು ಬರುತ್ತಲೇ ಇರುತ್ತದೆ. ಆದರೆ ಅದು ಮುಖ್ಯವಾಗಿ ಸಂಶೋಧನೆಗೆಂದು ಕಟ್ಟಿದ ವಿಶ್ವವಿದ್ಯಾಲಯ. ಬಿ.ಕಾಂ. ಮಾಡಬೇಕೆನ್ನುವ ಕಮಲಾಪುರದ ಹುಡುಗನಿಗೆ ಕಣ್ಣೆದುರೇ ಇರುವ ಆ ಕ್ಯಾಂಪಸ್‌ನಿಂದ ನೇರ ಉಪಯೋಗವಿಲ್ಲ. ಹೊಸಪೇಟೆ, ಸಂಡೂರು, ಕಂಪ್ಲಿಯ ಪದವಿ ಕಾಲೇಜುಗಳು ಸೇರಿರುವುದು ಬಳ್ಳಾರಿಯ ವಿಶ್ವವಿದ್ಯಾಲಯಕ್ಕೆ.

ಇದಕ್ಕೆ ತದ್ವಿರುದ್ಧವಾದದ್ದು ಸಂಡೂರು ತಾಲೂಕಿನ ನಂದಿಹಳ್ಳಿಯಲ್ಲಿದೆ. ಬಳ್ಳಾರಿ ವಿಶ್ವವಿದ್ಯಾಲಯದ ಅಲ್ಲಿನ ಸ್ನಾತಕೋತ್ತರ ಕೇಂದ್ರದಲ್ಲಿ ಖನಿಜ ಸಂಸ್ಕರಣೆ ಕಲಿಸುವ ವಿಭಾಗವಿದೆ. ಗಣಿಯಿಂದ ಬಂದ ಅದಿರನ್ನು ಪುಡಿ ಮಾಡಿ, ಬೇಕಾದ್ದನ್ನು ಬೇಡದ್ದರಿಂದ ಬೇರ್ಪಡಿಸುವ ವಿದ್ಯೆ ಅದು. ಅದೇ ತಾಲೂಕಿನಲ್ಲಿ ದೋಣಿಮಲೈ ಗಣಿ ಇದೆ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ಇದೆ. ಬಿ.ಎಸ್ಸಿ. ಮುಗಿಸಿದ ಸಂಡೂರಿನ ಹುಡುಗಿಗೆ ಇದು ಕೆಲಸಕ್ಕೆ ಹತ್ತಿರದ ಓದು. ಹೆಸರುವಾಸಿ ಕಾಲೇಜುಗಳ ಯಾವ ನಕ್ಷೆಯಲ್ಲೂ ನಂದಿಹಳ್ಳಿ ಬರುವುದಿಲ್ಲ. ಸಂಡೂರಿನಲ್ಲೇ ಎಷ್ಟು ಮನೆಗಳಿಗೆ ಗೊತ್ತು ಎಂಬುದೂ ನಮಗೆ ಅನುಮಾನ.

ಕೇಳಿದ ಹೆಸರನ್ನೇ ತಲೆ ಏಕೆ ಆರಿಸುತ್ತದೆ?

ಅಮೆರಿಕದ ಸ್ಯಾನ್ ಡಿಯಾಗೋ, ಸ್ಯಾನ್ ಆಂಟೋನಿಯೋ ನಗರಗಳಲ್ಲಿ ಯಾವುದರಲ್ಲಿ ಜನಸಂಖ್ಯೆ ಹೆಚ್ಚು? ಡೇನಿಯಲ್ ಗೋಲ್ಡ್‌ಸ್ಟೀನ್ ಮತ್ತು ಗೆರ್ಡ್ ಗಿಗರೆಂಜರ್ ಎಂಬ ಸಂಶೋಧಕರು ಈ ಪ್ರಶ್ನೆಯನ್ನು ಶಿಕಾಗೋ ಮತ್ತು ಮ್ಯೂನಿಕ್‌ನ ವಿದ್ಯಾರ್ಥಿಗಳಿಗೆ ಕೇಳಿದ್ದರು. ಅಮೆರಿಕದವರಲ್ಲಿ ಶೇ. 62 ಮಂದಿ ಸ್ಯಾನ್ ಡಿಯಾಗೋ ಎಂಬ, ಆಗ ಸರಿಯಾಗಿದ್ದ ಉತ್ತರ ಕೊಟ್ಟರು. ಜರ್ಮನಿಯವರಲ್ಲಿ ಎಲ್ಲರೂ! ಏಕೆಂದರೆ ಅವರಲ್ಲಿ ಹೆಚ್ಚಿನವರು ಸ್ಯಾನ್ ಆಂಟೋನಿಯೋ ಹೆಸರನ್ನೇ ಕೇಳಿರಲಿಲ್ಲ. ಕೇಳಿದ ಹೆಸರು ದೊಡ್ಡ ಊರಿರಬೇಕು ಎಂದುಕೊಂಡರು, ಗೆದ್ದರು. 2002ರಲ್ಲಿ ಪ್ರಕಟವಾದ ಅವರ ಲೇಖನ ಇದನ್ನು ಗುರುತಿನ ಆಧಾರದ ಅಡ್ಡದಾರಿ ಎಂದು ವಿವರಿಸುತ್ತದೆ. ಎರಡರಲ್ಲಿ ಒಂದು ಹೆಸರು ಮಾತ್ರ ಗೊತ್ತಿದ್ದರೆ ಅದನ್ನೇ ಹೆಚ್ಚಿನದೆಂದು ತಲೆ ಆರಿಸಿಬಿಡುತ್ತದೆ.

ಊರಿನ ಗಾತ್ರದ ಪ್ರಶ್ನೆಯಲ್ಲಿ ಈ ಅಡ್ಡದಾರಿ ಕೆಲಸ ಮಾಡಿತು, ಏಕೆಂದರೆ ದೊಡ್ಡ ಊರಿನ ಹೆಸರು ಸುದ್ದಿಯಲ್ಲಿ ಹೆಚ್ಚು ಬರುತ್ತದೆ. ಕಾಲೇಜಿನ ವಿಷಯದಲ್ಲಿ ಹೆಸರು ಹೆಚ್ಚು ಬರುವುದು ಹಳೆಯದಕ್ಕೆ, ನಗರದಲ್ಲಿರುವುದಕ್ಕೆ, ಜಾಹೀರಾತಿಗೆ ದುಡ್ಡು ಸುರಿಯುವುದಕ್ಕೆ. ಹೊಸಪೇಟೆ ಬಸ್ ಸ್ಟ್ಯಾಂಡಿನಿಂದ ಹೊರಬಂದರೆ ಮೇ ತಿಂಗಳಿಡೀ ಕಣ್ಣಿಗೆ ಬೀಳುವ ಫ್ಲೆಕ್ಸ್‌ಗಳನ್ನು ನೆನೆಸಿಕೊಳ್ಳಿ. ಮೂರನೆಯ ಸಲ ನೋಡುವ ಹೊತ್ತಿಗೆ ಆ ಕಾಲೇಜು ‘ಗೊತ್ತಿರುವ’ ಕಾಲೇಜಾಗಿರುತ್ತದೆ. ಅದನ್ನು ಗೊತ್ತುಮಾಡಿದ್ದು ಪಾಠವಲ್ಲ, ಪ್ರಿಂಟಿಂಗ್ ಅಂಗಡಿ. ಒಂದೇ ಮಾತನ್ನು ಮತ್ತೆಮತ್ತೆ ಕೇಳಿದರೆ ಅದು ನಿಜ ಅನ್ನಿಸತೊಡಗುತ್ತದೆ ಎಂಬುದನ್ನು 1977ರಷ್ಟು ಹಿಂದೆಯೇ ಅಮೆರಿಕದ ಮೂವರು ಮನೋವಿಜ್ಞಾನಿಗಳು ಪ್ರಯೋಗ ಮಾಡಿ ತೋರಿಸಿದ್ದರು. ಐದು ಗ್ರೂಪಿನಿಂದ ಬಂದ ಒಂದೇ ಫಾರ್ವರ್ಡ್ ಮಾಡುವುದೂ ಅದನ್ನೇ.

ಹಾಗಾದರೆ ಹೆಸರಿಗೆ ಬೆಲೆಯೇ ಇಲ್ಲವೇ?

ಇದೆ. ಹಾಗಂತ ಎಲ್ಲರಿಗೂ ಒಂದೇ ಬೆಲೆ ಅಲ್ಲ.

ಹೆಸರುವಾಸಿ ಕಾಲೇಜಿನಿಂದ ಬಂದವರು ಚೆನ್ನಾಗಿ ದುಡಿಯುತ್ತಾರೆ ಎನ್ನುವುದು ಕಣ್ಣಿಗೆ ಕಾಣುವ ಸತ್ಯ. ಆದರೆ ಅಂಥ ಕಾಲೇಜುಗಳು ಸೇರಿಸಿಕೊಳ್ಳುವಾಗಲೇ ರ‍್ಯಾಂಕ್ ನೋಡಿ ಆರಿಸಿರುತ್ತವೆ. ಕಂಪ್ಲಿ ಕಡೆಯವರಿಗೆ ಅರ್ಥವಾಗುವಂತೆ ಹೇಳಬೇಕೆಂದರೆ, ಒಳ್ಳೆಯ ಕಬ್ಬನ್ನೇ ಆರಿಸಿ ತಂದ ಆಲೆಮನೆಯ ಬೆಲ್ಲ ಚೆನ್ನಾಗಿದ್ದರೆ ಹೆಚ್ಚುಗಾರಿಕೆ ಆಲೆಮನೆಯದೋ ಕಬ್ಬಿನದೋ?

ಇದನ್ನು ಬಿಡಿಸಿ ನೋಡಲು ಸ್ಟೇಸಿ ಡೇಲ್ ಮತ್ತು ಅಲನ್ ಕ್ರೂಗರ್ ಎಂಬ ಅರ್ಥಶಾಸ್ತ್ರಜ್ಞರು ಒಂದು ಜಾಣ ದಾರಿ ಹುಡುಕಿದರು. ಹೆಸರುವಾಸಿ ಕಾಲೇಜಿನಲ್ಲಿ ಸೀಟು ಸಿಕ್ಕರೂ ಅಲ್ಲಿಗೆ ಹೋಗದೆ ಕಡಿಮೆ ಹೆಸರಿನ ಕಾಲೇಜು ಸೇರಿದವರನ್ನು, ಅಲ್ಲಿಗೇ ಹೋದವರ ಜೊತೆ ಹೋಲಿಸಿದರು. 2002ರಲ್ಲಿ ಪ್ರಕಟವಾದ ಈ ಅಧ್ಯಯನದ ಪ್ರಕಾರ ಮುಂದೆ ಇಬ್ಬರ ಸಂಪಾದನೆಯೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿತ್ತು. ಕಬ್ಬೇ ಗೆದ್ದಿತು ಅನ್ನಿ. ಆದರೆ ಬಡ ಕುಟುಂಬದಿಂದ ಬಂದವರಿಗೆ ಹೆಸರುವಾಸಿ ಕಾಲೇಜಿನಿಂದ ನಿಜವಾಗಿಯೂ ಲಾಭವಾಗಿತ್ತು. ಇವರಿಬ್ಬರ ಮುಂದಿನ ಅಧ್ಯಯನದಲ್ಲಿ ತಂದೆತಾಯಿ ಹೆಚ್ಚು ಓದಿರದ ವಿದ್ಯಾರ್ಥಿಗಳಿಗೂ ಹಾಗೇ ಕಂಡಿತು. ಮನೆಯಲ್ಲಿ ಪರಿಚಯದ ಬಲ ಇಲ್ಲದವರಿಗೆ ಕಾಲೇಜೇ ಆ ಬಲ ಕೊಡುತ್ತದೆ ಎಂಬುದು ಇದಕ್ಕೆ ಕೊಡುವ ವಿವರಣೆ.

ಅಮೆರಿಕದ ಅಂಕಿಗಳನ್ನು ಹಾಗೇ ತಂದು ಹೊಸಪೇಟೆಗೆ ಅಂಟಿಸಲು ಬರುವುದಿಲ್ಲ. ಆದರೂ ನಾವು ಇದನ್ನು ಮುಚ್ಚಿಡುವುದಿಲ್ಲ, ಏಕೆಂದರೆ ಈ ಭಾಗದಲ್ಲಿ ಮನೆಯಲ್ಲಿ ಮೊದಲ ಸಲ ಕಾಲೇಜು ಮೆಟ್ಟಿಲು ಹತ್ತುವ ಮಕ್ಕಳು ಬಹಳ. ‘ಊರಲ್ಲೇ ಇದೆಯಲ್ಲ, ಅಷ್ಟು ದೂರ ಏಕೆ’ ಎಂದು ಒಳ್ಳೆಯ ರ‍್ಯಾಂಕ್ ಬಂದ ಹುಡುಗಿಯನ್ನು ತಡೆದು ನಿಲ್ಲಿಸುವುದಕ್ಕೆ ಈ ಲೇಖನವನ್ನು ಯಾರೂ ಬಳಸಬಾರದು. ಬೆಂಗಳೂರಿನಲ್ಲೋ ಸುರತ್ಕಲ್‌ನಲ್ಲೋ ಸರ್ಕಾರಿ ಸೀಟು ಸಿಕ್ಕಿ, ಹಾಸ್ಟೆಲ್ ಖರ್ಚು ತೂಗಿಸಲು ಆಗುವುದಾದರೆ ಹೋಗಲಿ. ನಾವು ಬೇಡ ಎನ್ನುತ್ತಿರುವುದು ಬೇರೆ ಲೆಕ್ಕವನ್ನು: ಹೆಸರು ಕೇಳಿದ್ದೇವೆ ಎಂಬ ಒಂದೇ ಕಾರಣಕ್ಕೆ ದೂರದ ಊರಿನಲ್ಲಿ ಮ್ಯಾನೇಜ್‌ಮೆಂಟ್ ಸೀಟಿಗೆ ಹೊಲ ಅಡವಿಟ್ಟು, ಹತ್ತಿರದಲ್ಲಿ ಸಿಗುತ್ತಿದ್ದ ಸರ್ಕಾರಿ ಕೋಟಾದ ಸೀಟು ಬಿಡುವುದು.

ಸರ್ಕಾರದ ರ‍್ಯಾಂಕಿಂಗ್‌ನಲ್ಲಿ ಹೆಸರಿಗೆ ಎಷ್ಟು ಅಂಕ?

ಕೇಂದ್ರ ಶಿಕ್ಷಣ ಸಚಿವಾಲಯದ ಎನ್‌ಐಆರ್‌ಎಫ್ ರ‍್ಯಾಂಕಿಂಗ್ 2016ರಿಂದ ಪ್ರಕಟವಾಗುತ್ತಿದೆ. ವಿಶ್ವವಿದ್ಯಾಲಯಗಳ ಪಟ್ಟಿಯಲ್ಲಿ ಮೊದಲ ಸಲದಿಂದಲೂ ಭಾರತೀಯ ವಿಜ್ಞಾನ ಸಂಸ್ಥೆಯೇ ಮೊದಲು. ಅಲ್ಲಿ 100 ಅಂಕಗಳಲ್ಲಿ ಬೋಧನೆ ಮತ್ತು ಸೌಲಭ್ಯಕ್ಕೆ 30, ಸಂಶೋಧನೆಗೆ 30, ವಿದ್ಯಾರ್ಥಿಗಳ ಫಲಿತಾಂಶಕ್ಕೆ 20, ಮಹಿಳೆಯರು, ಬಡವರು, ಹೊರರಾಜ್ಯದವರು ಎಷ್ಟಿದ್ದಾರೆ ಎಂಬುದಕ್ಕೆ 10. ‘ಹೆಸರು’ ಅಥವಾ ಅಭಿಪ್ರಾಯಕ್ಕೆ ಉಳಿದ 10. ಆ ಹತ್ತೂ ಶಿಕ್ಷಣ ತಜ್ಞರು ಮತ್ತು ಕೆಲಸ ಕೊಡುವವರ ಅಭಿಪ್ರಾಯಕ್ಕೆ. ಮೊದಮೊದಲು ಸಾರ್ವಜನಿಕರ ಅಭಿಪ್ರಾಯಕ್ಕೂ ಒಂದಿಷ್ಟು ಅಂಕ ಇತ್ತು, ಆಮೇಲೆ ಅದನ್ನು ಕೈಬಿಟ್ಟರು. ಅಂದರೆ ‘ಜನರಿಗೆ ಎಷ್ಟು ಗೊತ್ತು’ ಎಂಬುದಕ್ಕೆ ಸರ್ಕಾರದ ಲೆಕ್ಕದಲ್ಲಿ ಈಗ ಸೊನ್ನೆ.

ಎನ್‌ಐಆರ್‌ಎಫ್ ಕೂಡ ದೇವರ ಪ್ರಸಾದವಲ್ಲ. ಅಂಕಿಅಂಶ ಕೊಡುವುದು ಕಾಲೇಜುಗಳೇ. ಭಾಗವಹಿಸುವುದು ಐಚ್ಛಿಕ, ಆದ್ದರಿಂದ ಪಟ್ಟಿಯಲ್ಲಿ ಇಲ್ಲ ಎಂದರೆ ಕೆಟ್ಟದ್ದು ಎಂದಲ್ಲ. ಸಂಶೋಧನೆಗೆ ಅಂಕ ಇರುವುದರಿಂದ, ಪಾಠ ಚೆನ್ನಾಗಿದ್ದೂ ಸಂಶೋಧನೆ ಇಲ್ಲದ ಪದವಿ ಕಾಲೇಜು ಹಿಂದೆ ಬೀಳುತ್ತದೆ. ಪಿಯು ಕಾಲೇಜುಗಳಿಗೆ ಎನ್‌ಐಆರ್‌ಎಫ್ ರ‍್ಯಾಂಕೇ ಇಲ್ಲ. ಇದೆ ಎಂದು ಫ್ಲೆಕ್ಸ್ ಹಾಕಿದ್ದರೆ ಅಲ್ಲಿಗೇ ಮುಗಿಯಿತು.

ನ್ಯಾಕ್ ಗ್ರೇಡ್ ಇನ್ನೊಂದು. ಗರಿಷ್ಠ 4 ಅಂಕದಲ್ಲಿ 3.51ರ ಮೇಲೆ ಬಂದರೆ ಎ++. ಗ್ರೇಡ್ ಸಾಮಾನ್ಯವಾಗಿ 5 ವರ್ಷಕ್ಕೆ, ಹಾಗಾಗಿ ಗ್ರೇಡ್ ನೋಡುವ ಮೊದಲು ತಾರೀಕು ನೋಡಿ. 2025ರ ಫೆಬ್ರುವರಿಯಲ್ಲಿ ಆಂಧ್ರದ ಒಂದು ಸಂಸ್ಥೆಗೆ ಒಳ್ಳೆಯ ಗ್ರೇಡ್ ಕೊಡಲು ಲಂಚ ಪಡೆದ ಆರೋಪದ ಮೇಲೆ ಸಿಬಿಐ ನ್ಯಾಕ್ ಪರಿಶೀಲನಾ ತಂಡದ ಸದಸ್ಯರನ್ನೇ ಬಂಧಿಸಿತ್ತು. ಗ್ರೇಡ್ ಒಂದು ಸುಳಿವು, ಅಷ್ಟೇ. ಮತ್ತೆ, ‘ಯುನೆಸ್ಕೋ ಮಾನ್ಯತೆ ಪಡೆದ ಕಾಲೇಜು’ ಎಂಬ ಸಂದೇಶ ಬಂದರೆ ನಂಬಬೇಡಿ. ಯುನೆಸ್ಕೋ 1986ರಲ್ಲಿ ಹಂಪಿಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು ನಿಜ. ಕಾಲೇಜುಗಳಿಗೆ ರ‍್ಯಾಂಕ್ ಕೊಡುವ ಕೆಲಸ ಅದು ಮಾಡುವುದಿಲ್ಲ.

ನಕ್ಷೆಯಲ್ಲಿ ಬಾರದ ವಿಷಯಗಳು

ಕಂಪ್ಲಿಯ ಒಂದು ಮನೆಯನ್ನು ಊಹಿಸಿಕೊಳ್ಳಿ. ಮಗಳು ಪಿಯುಸಿ ವಿಜ್ಞಾನ ಮುಗಿಸಿದ್ದಾಳೆ, ಸಿಇಟಿ ರ‍್ಯಾಂಕ್ ಮಧ್ಯಮ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಿಯುಸಿ ಆದ ಕೂಡಲೇ ಸೇರುವ ಸೀಟುಗಳು ಬಹಳ ಕಡಿಮೆ, ಅದೂ ದೇಶಕ್ಕೆಲ್ಲ ಸೇರಿ. ಈ ಮನೆಯ ನಿರ್ಧಾರಕ್ಕೆ ನಕ್ಷೆಯ ಆ ಹೆಸರು ಯಾವ ಸಹಾಯವನ್ನೂ ಮಾಡುವುದಿಲ್ಲ. ಸಹಾಯ ಮಾಡುವುದು ಸಂವಿಧಾನದ 371ಜೆ ವಿಧಿ.

2013ರಿಂದ ಜಾರಿಯಲ್ಲಿರುವ ಈ ವಿಧಿಯ ಅಡಿಯಲ್ಲಿ ಕಲ್ಯಾಣ ಕರ್ನಾಟಕದ ಶಿಕ್ಷಣ ಸಂಸ್ಥೆಗಳಲ್ಲಿ ಸರ್ಕಾರದ ಮೂಲಕ ಹಂಚಿಕೆಯಾಗುವ ಸೀಟುಗಳಲ್ಲಿ ಶೇ. 70 ಇಲ್ಲಿನವರಿಗೇ ಮೀಸಲು. ರಾಜ್ಯದ ಉಳಿದ ಭಾಗದ ಸಂಸ್ಥೆಗಳಲ್ಲಿ ಶೇ. 8. ಬಳ್ಳಾರಿ, ವಿಜಯನಗರ ಎರಡೂ ಜಿಲ್ಲೆಗಳು ಇದರೊಳಗೆ ಬರುತ್ತವೆ, ಅಂದರೆ ನಾವು ಹೇಳುತ್ತಿರುವ ನಾಲ್ಕೂ ಊರುಗಳು. ಇದಕ್ಕೆ ಸಹಾಯಕ ಆಯುಕ್ತರು ಕೊಡುವ ಅರ್ಹತಾ ಪ್ರಮಾಣಪತ್ರ ಬೇಕು. ಸಿಇಟಿ ಅರ್ಜಿ ಹಾಕುವ ವಾರ ಓಡಾಡಿದರೆ ಸಿಗುವ ಕಾಗದ ಅಲ್ಲ ಅದು, ಪಿಯುಸಿ ಮೊದಲ ವರ್ಷದಲ್ಲೇ ಮಾಡಿಸಿಟ್ಟರೆ ನೆಮ್ಮದಿ. ಹತ್ತನೇ ತರಗತಿವರೆಗೆ ಹಳ್ಳಿಯಲ್ಲಿ ಓದಿದ್ದರೆ ಗ್ರಾಮೀಣ ಮೀಸಲು ಶೇ. 15, ಕನ್ನಡ ಮಾಧ್ಯಮದಲ್ಲಿ ಓದಿದ್ದರೆ ಶೇ. 5 ಕೂಡ ಇವೆ.

ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ವೆಬ್‌ಸೈಟಿನಲ್ಲಿ ಹಿಂದಿನ ವರ್ಷಗಳ ಕಟ್‌ಆಫ್ ಪಟ್ಟಿ ಸಿಗುತ್ತದೆ. ಕಲ್ಯಾಣ ಕರ್ನಾಟಕ ಕೋಟಾದ ಕಟ್‌ಆಫ್ ಬೇರೆಯೇ ಇರುತ್ತದೆ. ಸಾಮಾನ್ಯ ಪಟ್ಟಿ ನೋಡಿ ‘ನಮಗೆ ಸಿಗಲ್ಲ ಬಿಡು’ ಎಂದು ಕೈಬಿಟ್ಟವರು ಆ ಇನ್ನೊಂದು ಪಟ್ಟಿಯನ್ನು ತೆರೆದಿರುವುದೇ ಇಲ್ಲ. ಕಟ್‌ಆಫ್ ತೋರಿಸುವುದು ಬೇಡಿಕೆಯನ್ನು, ಪಾಠವನ್ನಲ್ಲ. ಆದರೂ ನಕ್ಷೆಗಿಂತ ನೂರುಪಾಲು ಕೆಲಸಕ್ಕೆ ಬರುವ ಮಾಹಿತಿ ಅದು.

ಮಾನ್ಯತೆ ನೋಡುವುದು ಐದು ನಿಮಿಷದ ಕೆಲಸ. ಪದವಿ ಕೊಡುವ ಹಕ್ಕು ಇರುವುದು ಯುಜಿಸಿ ಕಾಯ್ದೆಯ ಪ್ರಕಾರ ವಿಶ್ವವಿದ್ಯಾಲಯಗಳಿಗೆ. ಕಾಲೇಜು ಯಾವ ವಿಶ್ವವಿದ್ಯಾಲಯಕ್ಕೆ ಸೇರಿದೆ ಎಂದು ಕೇಳಿ, ಆ ವಿಶ್ವವಿದ್ಯಾಲಯದ ವೆಬ್‌ಸೈಟಿನಲ್ಲಿ ಕಾಲೇಜಿನ ಹೆಸರಿದೆಯೇ ನೋಡಿ. ಕಾಲೇಜಿನ ವೆಬ್‌ಸೈಟಿನಲ್ಲಿ ನೋಡಿದರೆ ಸಾಲದು. ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯನ್ನೂ ಯುಜಿಸಿ ಆಗಾಗ ಪ್ರಕಟಿಸುತ್ತದೆ. ನರ್ಸಿಂಗ್, ಫಾರ್ಮಸಿ, ಬಿ.ಇಡಿ., ಕಾನೂನು ಓದುವವರು ಆಯಾ ಪರಿಷತ್ತಿನ ಅನುಮತಿಯನ್ನೂ ನೋಡಲೇಬೇಕು. ಈ ಪ್ರದೇಶದಲ್ಲಿ ಹೆಚ್ಚು ದೂರು ಕೇಳಿಬರುವುದು ನರ್ಸಿಂಗ್ ಬಗ್ಗೆ. ಏಜೆಂಟರು ತರುವ ಬಣ್ಣದ ಪುಸ್ತಿಕೆಯಲ್ಲಿ ಎಲ್ಲ ಇರುತ್ತದೆ, ಅನುಮತಿಯ ವರ್ಷವೊಂದು ಇರುವುದಿಲ್ಲ.

ಉಳಿದದ್ದು ದಾರಿ. ಕಂಪ್ಲಿಯಿಂದಲೂ ಸಂಡೂರಿನಿಂದಲೂ ಹೊಸಪೇಟೆಗೆ ಸುಮಾರು 30 ಕಿ.ಮೀ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹುಡುಗಿಯರಿಗೆ ಸರ್ಕಾರಿ ಬಸ್ ಪ್ರಯಾಣ ಉಚಿತ, ಹುಡುಗರಿಗೆ ವಿದ್ಯಾರ್ಥಿ ಪಾಸ್. ಟಿಕೆಟ್ ಖರ್ಚು ಉಳಿಯಿತು, ಆದರೆ ಬೆಳಗಿನ ಮೊದಲ ತರಗತಿಗೆ ಮುಟ್ಟಿಸುವ ಬಸ್ ಇದೆಯೇ, ಸಂಜೆ ಲ್ಯಾಬ್ ಮುಗಿದ ಮೇಲೆ ಊರಿಗೆ ಕೊನೆಯ ಬಸ್ ಎಷ್ಟಕ್ಕೆ ಎಂಬ ಪ್ರಶ್ನೆ ಉಳಿಯುತ್ತದೆ. ಸಂಡೂರಿನ ದಾರಿಯಲ್ಲಿ ಅದಿರಿನ ಲಾರಿಗಳ ಸಾಲು ಸಿಕ್ಕರೆ ಟೈಮ್‌ಟೇಬಲ್ ಲೆಕ್ಕಕ್ಕೆ ಬರುವುದಿಲ್ಲ. ಕಂಪ್ಲಿಯವರಿಗೆ ಹೊಳೆಯಾಚೆಯ ಗಂಗಾವತಿಯೂ ಹತ್ತಿರವೇ. ಆದರೆ ತುಂಗಭದ್ರಾ ಡ್ಯಾಂನಿಂದ ಹೆಚ್ಚು ನೀರು ಬಿಟ್ಟಾಗ ಕಂಪ್ಲಿ ಸೇತುವೆ ಮುಳುಗಿ ಸಂಚಾರ ನಿಲ್ಲುತ್ತದೆ. ಅದು ಆಗುವುದು ಹೊಸ ಕಾಲೇಜಿನ ತರಗತಿಗಳು ಶುರುವಾಗುವ ಮಳೆಗಾಲದಲ್ಲೇ.

ಫೀಸು ಕಟ್ಟುವ ಮೊದಲು ಒಂದು ಮಾಮೂಲಿ ವಾರದ ದಿನ, ಮಗಳ ಜೊತೆ ಅದೇ ಬಸ್ಸಿನಲ್ಲಿ ಹೋಗಿ, ಕಾಲೇಜು ನಡೆಯುವ ಹೊತ್ತಿನಲ್ಲಿ ಲ್ಯಾಬ್ ಬಾಗಿಲು ತೆರೆದಿದೆಯೇ ನೋಡಿ, ಎರಡನೇ ವರ್ಷದವರ ಹತ್ತಿರ ನಾಲ್ಕು ಮಾತಾಡಿ, ಅದೇ ಬಸ್ಸಿನಲ್ಲಿ ವಾಪಸ್ ಬನ್ನಿ. ಬಸ್ಸಿನಲ್ಲಿ ಕೂತಾಗ ಆ ನಕ್ಷೆ ಮತ್ತೆ ಬಂದರೆ, ಕಳಿಸಿದ ಮಾವನವರಿಗೆ ‘ಇದು ಯಾವ ವರ್ಷದ್ದು, ಯಾರನ್ನು ಕೇಳಿ ಮಾಡಿದ್ದು?’ ಎಂದು ಕೇಳಬಹುದು.